ಬಿರುದಾವಳಿ ಮತ್ತು ದತ್ತಿಭಾಗ: ಅಧ್ಯಾಪನೇತರ ಉದ್ಯೋಗಗಳಿಗೆ ಕನ್ನಡ ಸಂಶೋಧಕರ ಸ್ವವಿವರ ಬರವಣಿಗೆ

1. ಪ್ರವೇಶ

ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯ ಮುಂದೆ ಬಹುಕಾಲದಿಂದ ಕಾಣುತ್ತ ಬಂದಿರುವುದು ಅಧ್ಯಾಪನವೆಂಬ ಒಂದೇ ದಾರಿ. ನೆಟ್ ಅಥವಾ ಕೆ-ಸೆಟ್ ಅರ್ಹತೆ, ಪಿಎಚ್.ಡಿ. ಪದವಿ, ಪ್ರಕಟಿತ ಲೇಖನಗಳು, ವಿಚಾರಸಂಕಿರಣಗಳ ಪ್ರಮಾಣಪತ್ರಗಳು ಇವೆಲ್ಲವೂ ಆ ಒಂದು ಹುದ್ದೆಯನ್ನು ಗುರಿಯಾಗಿಟ್ಟುಕೊಂಡೇ ಸಂಚಯವಾಗುತ್ತವೆ. ಆದರೆ ಖಾಯಂ ಹುದ್ದೆಗಳ ಸಂಖ್ಯೆ ಪದವೀಧರರ ಸಂಖ್ಯೆಯೊಂದಿಗೆ ಬೆಳೆಯುವುದಿಲ್ಲ. ನೇಮಕಾತಿಯ ಅಧಿಸೂಚನೆಗಾಗಿ ಕಾಯುತ್ತ, ಅತಿಥಿ ಉಪನ್ಯಾಸಕರಾಗಿ ಪ್ರತಿ ಶೈಕ್ಷಣಿಕ ಅವಧಿಗೂ ಮರುನೇಮಕವನ್ನು ನಿರೀಕ್ಷಿಸುತ್ತ ವಯೋಮಿತಿಯ ಅಂಚಿಗೆ ಬಂದು ನಿಂತವರ ಸ್ಥಿತಿ ಕನ್ನಡ ವಿಭಾಗಗಳಿಗೆ ಅಪರಿಚಿತವೇನಲ್ಲ.

ಇದೇ ಕಾಲದಲ್ಲಿ ಕನ್ನಡ ಬಲ್ಲವರನ್ನು ಬೇಡುವ ಕೆಲಸಗಳು ವಿಶ್ವವಿದ್ಯಾಲಯದ ಹೊರಗೆ ಹರಡಿಕೊಂಡಿವೆ. ಪ್ರಕಾಶನ, ಪತ್ರಿಕೋದ್ಯಮ, ಜಾಹೀರಾತು ಬರವಣಿಗೆಗಳು ಹಳೆಯವು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಹಾಗೂ 2025ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾದ ಜ್ಞಾನ ಭಾರತಂ ಯೋಜನೆ ಹಸ್ತಪ್ರತಿಗಳ ಸೂಚೀಕರಣ ಮತ್ತು ಡಿಜಿಟಲೀಕರಣದ ಕೆಲಸವನ್ನು ಮುಂದಿಟ್ಟಿವೆ. 2008ರಲ್ಲಿ ರೂಪುಗೊಂಡ ರಾಷ್ಟ್ರೀಯ ಅನುವಾದ ಮಿಷನ್ ಜ್ಞಾನಪಠ್ಯಗಳ ಅನುವಾದವನ್ನು ಉದ್ದೇಶವಾಗಿಸಿಕೊಂಡಿತು. ಡಬ್ಬಿಂಗ್ ವಿರೋಧಿ ಕ್ರಮಗಳ ಕುರಿತು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ನೀಡಿದ ಆದೇಶದ ನಂತರದ ವರ್ಷಗಳಲ್ಲಿ ಸಂಭಾಷಣೆಯ ಮರುಬರವಣಿಗೆಗೆ ಅವಕಾಶ ತೆರೆಯಿತು. 2022ರಲ್ಲಿ ಚಾಲನೆ ಪಡೆದ ‘ಭಾಷಿಣಿ’ಯಂತಹ ಯೋಜನೆಗಳು ಧ್ವನಿಮುದ್ರಣ, ಲಿಪ್ಯಂತರ, ಅನುವಾದ ಪರಿಶೀಲನೆಗಳನ್ನು ಬೇಡುತ್ತವೆ. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಗಳಿಗೆ ಕಲಿಕಾ ಸಾಮಗ್ರಿಗಳನ್ನು ಬರೆಯುವವರು ಬೇಕು.

ಈ ಕೆಲಸಗಳಿಗೆ ಬೇಕಾದ ತಿಳಿವಳಿಕೆ ಕನ್ನಡ ಸಂಶೋಧಕರಲ್ಲಿದೆ. ಆದರೂ ಅವರ ಅರ್ಜಿಗಳು ಮೊದಲ ಸುತ್ತಿನಲ್ಲೇ ಬದಿಗೆ ಸರಿಯುವುದುಂಟು. ಇದಕ್ಕೆ ಅರ್ಜಿಯೆಂಬ ಪಠ್ಯದ ರಚನೆಯೂ ಒಂದು ಮುಖ್ಯ ಕಾರಣವೆಂಬುದು ಪ್ರಸ್ತುತ ಲೇಖನದ ವಾದ. ಸಂಶೋಧಕರು ತಮ್ಮ ಕೆಲಸವನ್ನು ಹೇಳುವ ಬದಲು ತಮ್ಮ ಪದವಿಗಳನ್ನು ಹೇಳುತ್ತಾರೆ. ಈ ಎರಡರ ವ್ಯತ್ಯಾಸವನ್ನು ಕನ್ನಡ ವಿದ್ವತ್ತಿಗೆ ಪರಿಚಿತವಾದ ಶಾಸನಪಠ್ಯದ ಮೂಲಕವೇ ವಿವರಿಸಿ, ಬರವಣಿಗೆಯ ಕೆಲವು ಪ್ರಾಯೋಗಿಕ ಸೂತ್ರಗಳನ್ನು ಇಲ್ಲಿ ಚರ್ಚಿಸಲಾಗಿದೆ.

2. ಬಯೋಡೇಟಾ ಮತ್ತು ರೆಸ್ಯೂಮೆ: ಎರಡು ಭಿನ್ನ ಪಠ್ಯಪ್ರಕಾರಗಳು

ಬಯೋಡೇಟಾ ಮತ್ತು ರೆಸ್ಯೂಮೆ ಎಂಬ ಎರಡು ಪದಗಳನ್ನು ಕನ್ನಡದ ಬಳಕೆಯಲ್ಲಿ ಸಮಾನಾರ್ಥಕಗಳಂತೆ ಕಾಣಲಾಗುತ್ತದೆ. ಚರ್ಚೆಯ ಅನುಕೂಲಕ್ಕಾಗಿ ಇವೆರಡನ್ನೂ ಬೇರ್ಪಡಿಸಿಕೊಳ್ಳುವುದು ಅಗತ್ಯ. ಶೈಕ್ಷಣಿಕ ವಲಯದಲ್ಲಿ ಚಾಲ್ತಿಯಲ್ಲಿರುವ, ವ್ಯಕ್ತಿಯ ಒಟ್ಟು ಸಾಧನೆಯನ್ನು ಪಟ್ಟಿಮಾಡುವ ದೀರ್ಘ ದಾಖಲೆಯನ್ನು ಇಲ್ಲಿ ‘ಬಯೋಡೇಟಾ’ ಎಂದೂ, ಒಂದು ನಿರ್ದಿಷ್ಟ ಹುದ್ದೆಗಾಗಿ ಒಂದೆರಡು ಪುಟಗಳಲ್ಲಿ ಆಯ್ದು ಬರೆಯುವ ವಿವರವನ್ನು ‘ರೆಸ್ಯೂಮೆ’ ಎಂದೂ ಕರೆಯಲಾಗಿದೆ. ರೆಸ್ಯೂಮೆ ಎಂಬ ಫ್ರೆಂಚ್ ಮೂಲದ ಪದಕ್ಕೆ ಸಾರಾಂಶವೆಂಬುದೇ ಅರ್ಥ. ರೆಸ್ಯೂಮೆಯೊಂದಿಗೆ ಕಳುಹಿಸುವ, ಸಾಮಾನ್ಯವಾಗಿ ಕವರಿಂಗ್ ಲೆಟರ್ ಎನ್ನಲಾಗುವ ಪತ್ರವನ್ನು ‘ಅರ್ಜಿಪತ್ರ’ ಎಂದು ಹೇಳಲಾಗಿದೆ.

ಬಯೋಡೇಟಾದ ಸ್ವರೂಪವನ್ನು ರೂಪಿಸಿದ್ದು ನೇಮಕಾತಿಯ ನಿಯಮಗಳು. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಶೈಕ್ಷಣಿಕ ಸಾಧನೆಯನ್ನು ಅಂಕಗಳಲ್ಲಿ ಎಣಿಸುವ ಎ.ಪಿ.ಐ. ಪದ್ಧತಿಯನ್ನು ತಂದಿತು. ಲೇಖನಕ್ಕೆ ಇಷ್ಟು, ಗ್ರಂಥಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು ಎಂಬ ಲೆಕ್ಕವಿರುವಲ್ಲಿ ಏನನ್ನೂ ಬಿಡದೆ ಸೇರಿಸುವುದೇ ಜಾಣತನ. ಮುಂದೆ ನಿಯಮಗಳು ಬದಲಾದರೂ ಸೇರಿಸುವ ಅಭ್ಯಾಸ ಉಳಿದಿದೆ. ಹೀಗಾಗಿ ಬಯೋಡೇಟಾದ ಓದುಗ ಎಣಿಸುವವನು. ಅವನಿಗೆ ಅಭ್ಯರ್ಥಿಯ ಪ್ರಬಂಧದ ವಿಷಯ ಮೊದಲೇ ಅರ್ಥವಾಗುತ್ತದೆ; ‘ಪಾಠಾಂತರ’, ‘ಕ್ಷೇತ್ರಕಾರ್ಯ’ ಎಂದರೆ ಏನೆಂದು ಅವನಿಗೆ ವಿವರಿಸಬೇಕಿಲ್ಲ.

ರೆಸ್ಯೂಮೆಯ ಓದುಗ ಇವನಿಗಿಂತ ಭಿನ್ನ. ಪ್ರಕಾಶನ ಸಂಸ್ಥೆಯ ವ್ಯವಸ್ಥಾಪಕರು, ತಂತ್ರಾಂಶ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದವರು, ಯೋಜನೆಯೊಂದರ ಸಂಯೋಜಕರು ಆ ಸ್ಥಾನದಲ್ಲಿರುತ್ತಾರೆ. ಅವರ ಮುಂದೆ ಒಂದು ಕೆಲಸ ಕಾದಿರುತ್ತದೆ. ಆ ಕೆಲಸ ಈ ವ್ಯಕ್ತಿಯಿಂದ ಆದೀತೇ ಎಂಬುದೊಂದೇ ಅವರ ಪ್ರಶ್ನೆ. ಕನ್ನಡ ಎಂ.ಎ. ಪಠ್ಯಕ್ರಮದಲ್ಲಿ ಏನಿದೆಯೆಂಬುದು ಅವರಿಗೆ ತಿಳಿದಿರಬೇಕೆಂಬ ನಿಯಮವಿಲ್ಲ. ಎಣಿಸುವ ಓದುಗನಿಗಾಗಿ ಬರೆದ ಹತ್ತು ಪುಟಗಳನ್ನು ಹುಡುಕುವ ಓದುಗನಿಗೆ ಕೊಟ್ಟಾಗ, ಅವನಿಗೆ ಬೇಕಾದುದು ಆ ಪುಟಗಳಲ್ಲಿ ಇದ್ದರೂ ಕಾಣುವುದಿಲ್ಲ.

3. ಶಾಸನದ ರಚನೆಯಿಂದ ದೊರೆಯುವ ಮಾದರಿ

ದಾನಶಾಸನಗಳ ಸಾಮಾನ್ಯ ರಚನೆ ಕನ್ನಡ ಅಧ್ಯಾಪಕರಿಗೆ ಚಿರಪರಿಚಿತ. ಸ್ತುತಿಪದ್ಯ, ಅರಸನ ವಂಶಾವಳಿ, ಪ್ರಶಸ್ತಿ, ಬಿರುದುಗಳ ಸಾಲು ಮೊದಲು ಬರುತ್ತವೆ. ಅನಂತರ ಕಾಲನಿರ್ದೇಶ, ದತ್ತಿ ಕೊಟ್ಟವರು, ಪಡೆದವರು, ಕೊಟ್ಟ ಭೂಮಿಯ ಅಳತೆ, ನಾಲ್ಕು ದಿಕ್ಕಿನ ಸೀಮೆ, ಸಾಕ್ಷಿಗಳು, ಕೊನೆಗೆ ಶಾಪಾಶಯ. ಎಲ್ಲ ಶಾಸನಗಳಲ್ಲೂ ಎಲ್ಲ ಅಂಗಗಳೂ ಇರುವುದಿಲ್ಲವಾದರೂ ಈ ಎರಡು ಭಾಗಗಳ ಭಾಷಾ ವ್ಯತ್ಯಾಸ ಸ್ಪಷ್ಟ. ಪ್ರಶಸ್ತಿಭಾಗದ ಭಾಷೆ ಆಲಂಕಾರಿಕ. ಒಬ್ಬ ಅರಸನ ಬಿರುದುಗಳನ್ನು ಇನ್ನೊಬ್ಬನಿಗೆ ಇಟ್ಟರೂ ಹೆಚ್ಚಿನ ವ್ಯತ್ಯಾಸವಾಗದಂತಹ ಸಿದ್ಧಪದಗಳು ಅಲ್ಲಿ ಹೇರಳ. ದತ್ತಿಭಾಗದ ಭಾಷೆ ವ್ಯಾವಹಾರಿಕ. ಮತ್ತರು, ಕಮ್ಮ, ಖಂಡುಗಗಳ ಲೆಕ್ಕ, ಹಳ್ಳ, ಬಂಡೆ, ಹುಣಿಸೆಮರಗಳ ಗುರುತು ಅಲ್ಲಿ ಬರುತ್ತವೆ. ಅಲ್ಲಿಯ ಒಂದು ಮಾತು ತಪ್ಪಿದರೆ ಭೂಮಿಯೇ ಕೈತಪ್ಪುತ್ತದೆ.

ಶೈಕ್ಷಣಿಕ ಬಯೋಡೇಟಾ ಬಿರುದಾವಳಿಯನ್ನು ಹೋಲುತ್ತದೆ. ‘ಪರಿಶ್ರಮಿ’, ‘ಸೃಜನಶೀಲ’, ‘ತಂಡದಲ್ಲಿ ದುಡಿಯಬಲ್ಲ’ ಎಂಬ ಸಿದ್ಧ ವಿಶೇಷಣಗಳನ್ನು ತುಂಬಿದ ಮಾರುಕಟ್ಟೆಯ ರೆಸ್ಯೂಮೆಯೂ ಅದನ್ನೇ ಹೋಲುತ್ತದೆಂಬುದನ್ನು ಇಲ್ಲಿಯೇ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದು ಬಿರುದಾವಳಿಗೆ ಹೊರಳುವುದು ಪರಿಹಾರವಲ್ಲ. ಸಂಶೋಧಕರು ಕಲಿಯಬೇಕಾದುದು ದತ್ತಿಭಾಗದ ಬರವಣಿಗೆಯನ್ನು. ಅದರ ನಾಲ್ಕು ಅಂಗಗಳನ್ನು ನಾಲ್ಕು ಪ್ರಶ್ನೆಗಳಾಗಿ ಪರಿವರ್ತಿಸಿಕೊಳ್ಳಬಹುದು.

ಕಾಲ: ಈ ಕೆಲಸವನ್ನು ಯಾವಾಗ, ಎಷ್ಟು ಅವಧಿಯಲ್ಲಿ ಮಾಡಲಾಯಿತು?
ಅಳತೆ: ಎಷ್ಟು ಪದ್ಯ, ಎಷ್ಟು ಪುಟ, ಎಷ್ಟು ಗಂಟೆಯ ಧ್ವನಿಮುದ್ರಣ, ಎಷ್ಟು ವಿದ್ಯಾರ್ಥಿಗಳು?
ಸೀಮೆ: ಹಲವರು ಸೇರಿ ಮಾಡಿದ ಕೆಲಸದಲ್ಲಿ ಅಭ್ಯರ್ಥಿಯ ಪಾಲು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ?
ಸಾಕ್ಷಿ: ಇದನ್ನು ತೋರಿಸುವ ಪುಸ್ತಕ, ಕಡತ, ಮಾದರಿ ಅಥವಾ ಬಲ್ಲ ವ್ಯಕ್ತಿ ಯಾರು?

ಸ್ವಂತ ಕೆಲಸವನ್ನು ಅಳತೆ ಸಮೇತ ಹೇಳುವುದು ಅಹಂಕಾರವೆಂಬ ಸಂಕೋಚ ಕನ್ನಡ ವಿದ್ಯಾರ್ಥಿಗಳಲ್ಲಿದೆ. ತನ್ನ ಎರಡು ಕಾವ್ಯಗಳಲ್ಲಿ ಒಂದನ್ನು ಆರು ತಿಂಗಳಲ್ಲೂ ಇನ್ನೊಂದನ್ನು ಮೂರು ತಿಂಗಳಲ್ಲೂ ಮುಗಿಸಿದುದಾಗಿ ಪಂಪನೇ ದಾಖಲಿಸಿದ್ದಾನೆಂಬುದನ್ನು ಅಂಥವರು ನೆನೆಯಬಹುದು. ಕವಿಯ ಆತ್ಮಪ್ರತ್ಯಯ ಅಲ್ಲಿ ವಿಶೇಷಣದಲ್ಲಷ್ಟೇ ನಿಲ್ಲದೆ ಕೃತಿ ಮತ್ತು ಕಾಲದ ಲೆಕ್ಕವಾಗಿಯೂ ಕಾಣಿಸಿಕೊಳ್ಳುತ್ತದೆ.

ಈ ಹೋಲಿಕೆಗೆ ಮಿತಿಯೂ ಇದೆ. ಶಾಸನವನ್ನು ರಚಿಸುವವನು ಬೇರೆ, ಹೊಗಳಿಸಿಕೊಳ್ಳುವವನು ಬೇರೆ. ರೆಸ್ಯೂಮೆಯಲ್ಲಿ ಇಬ್ಬರೂ ಒಬ್ಬನೇ. ಆದುದರಿಂದಲೇ ಸೀಮೆ ಮತ್ತು ಸಾಕ್ಷಿಗಳ ಹೊಣೆ ಇಲ್ಲಿ ಇನ್ನಷ್ಟು ಹೆಚ್ಚು.

4. ಅಧ್ಯಯನವನ್ನು ಕೆಲಸವಾಗಿ ಬರೆಯುವ ಬಗೆ

ಮೇಲಿನ ನಾಲ್ಕು ಪ್ರಶ್ನೆಗಳ ಬಳಕೆಯನ್ನು ಮೂರು ಉದಾಹರಣೆಗಳಲ್ಲಿ ನೋಡಬಹುದು. ಇವುಗಳಲ್ಲಿ ಬರುವ ವಿವರಗಳೂ ಅಂಕಿಗಳೂ ಮಾದರಿಗಾಗಿ ಕಲ್ಪಿಸಿಕೊಂಡವು.

ಮೊದಲನೆಯದು ಗ್ರಂಥಸಂಪಾದನೆಯಲ್ಲಿ ಸಂಶೋಧನೆ ಮಾಡಿದವರೊಬ್ಬರು ಪ್ರಕಾಶನ ಸಂಸ್ಥೆಯ ಸಂಪಾದಕೀಯ ಸಹಾಯಕ ಹುದ್ದೆಗೆ ಸಲ್ಲಿಸುವ ರೆಸ್ಯೂಮೆ. ಬಯೋಡೇಟಾದಲ್ಲಿ ಅದು ‘ಪಿಎಚ್.ಡಿ. ವಿಷಯ: ಅಪ್ರಕಟಿತ ಷಟ್ಪದಿ ಕಾವ್ಯವೊಂದರ ಗ್ರಂಥಸಂಪಾದನೆ ಮತ್ತು ಅಧ್ಯಯನ’ ಎಂಬ ಒಂದು ಸಾಲಾಗಿರುತ್ತದೆ. ಅದೇ ವಿಷಯ ದತ್ತಿಭಾಗದ ರೀತಿಯಲ್ಲಿ ಹೀಗಾಗಬಹುದು:

‘2018ರಿಂದ 2022ರವರೆಗೆ ನಾಲ್ಕು ಓಲೆಪ್ರತಿಗಳನ್ನು ಹೋಲಿಸಿ 1,200 ಪದ್ಯಗಳ ಕಾವ್ಯವನ್ನು ಮುದ್ರಣಕ್ಕೆ ಸಿದ್ಧಪಡಿಸಿದ್ದೇನೆ. ಪಾಠಾಂತರಗಳ ಪಟ್ಟಿ, ಪದಕೋಶ ಮತ್ತು ಪದ್ಯಗಳ ಅಕಾರಾದಿಯನ್ನು ರಚಿಸಿದ್ದೇನೆ. ಪಠ್ಯವನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಮೂರು ಸುತ್ತು ಕರಡು ತಿದ್ದಿದ್ದೇನೆ. ಮಾದರಿಯಾಗಿ ಹತ್ತು ಪುಟಗಳನ್ನು ಲಗತ್ತಿಸಿದೆ.’

ಪ್ರಕಾಶಕರಿಗೆ ಷಟ್ಪದಿಯಲ್ಲಿ ಆಸಕ್ತಿ ಇಲ್ಲದಿರಬಹುದು. ಆದರೆ ಒಂದೇ ಪದ ನಾಲ್ಕು ರೂಪಗಳಲ್ಲಿ ಬಂದಾಗ ಅದನ್ನು ಗುರುತಿಸಿ ಸಕಾರಣವಾಗಿ ಒಂದನ್ನು ಆಯ್ದುಕೊಳ್ಳುವವರು, ಅಕಾರಾದಿ ತಯಾರಿಸಬಲ್ಲವರು, ಮೂರನೆಯ ಕರಡಿನಲ್ಲೂ ತಪ್ಪು ಹುಡುಕುವ ತಾಳ್ಮೆಯುಳ್ಳವರು ಅವರಿಗೆ ಬೇಕು. ಗ್ರಂಥಸಂಪಾದನೆ ಕಲಿಸುವುದು ಇದನ್ನೇ. ಪದವಿಯ ಹೆಸರು ಅದನ್ನು ಮುಚ್ಚಿತ್ತು; ಕೆಲಸದ ವಿವರ ತೆರೆಯಿತು.

ಎರಡನೆಯದು ಜಾನಪದ ಸಂಶೋಧಕರದು. ‘ಕ್ಷೇತ್ರಕಾರ್ಯದಲ್ಲಿ ವ್ಯಾಪಕ ಅನುಭವ’ ಎಂಬ ಮಾತು ವಿಭಾಗದೊಳಗೆ ಗೌರವದ್ದು, ಹೊರಗೆ ಅಸ್ಪಷ್ಟ. ಅದನ್ನು ಹೀಗೆ ಬರೆಯಬಹುದು: ‘ಎರಡು ವರ್ಷಗಳಲ್ಲಿ 14 ಹಳ್ಳಿಗಳ 32 ಹಾಡುಗಾರ್ತಿಯರಿಂದ 40 ಗಂಟೆಗಳ ಹಾಡು ಮತ್ತು ಮಾತುಗಳನ್ನು ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಂಡಿದ್ದೇನೆ. ಅದರಲ್ಲಿ 25 ಗಂಟೆಗಳಷ್ಟನ್ನು ಉಪಭಾಷೆಯ ರೂಪಗಳನ್ನು ಉಳಿಸಿಕೊಂಡು ಲಿಪ್ಯಂತರಿಸಿದ್ದೇನೆ.’ ಕನ್ನಡದ ಮಾತನ್ನು ಗುರುತಿಸುವ ತಂತ್ರಾಂಶಕ್ಕಾಗಿ ಧ್ವನಿದತ್ತಾಂಶ ಸಂಗ್ರಹಿಸುವ ತಂಡಕ್ಕೆ ಈ ಎರಡು ವಾಕ್ಯಗಳು ಹಲವು ಪುಟಗಳ ಲೇಖನಪಟ್ಟಿಗಿಂತ ಹೆಚ್ಚನ್ನು ಹೇಳುತ್ತವೆ. ಧಾರವಾಡ, ಮೈಸೂರು, ಕಲಬುರಗಿ, ಮಂಗಳೂರು ಕಡೆಯ ರೂಪಗಳನ್ನು ತಪ್ಪೆಂದು ತಿದ್ದದೆ ದಾಖಲಿಸಬಲ್ಲ ಕಿವಿ ಕ್ಷೇತ್ರಕಾರ್ಯದಿಂದಲೇ ಬರುವಂಥದು.

ಮೂರನೆಯದು ಅತಿಥಿ ಉಪನ್ಯಾಸಕರ ಅನುಭವ. ಅವಧಿ ಅವಧಿಗೂ ಕಡಿದುಹೋಗುವ ಈ ಸೇವೆಯನ್ನು ತಿಂಗಳುಗಳಲ್ಲಿ ಬರೆದರೆ ಅಸ್ಥಿರತೆಯಷ್ಟೇ ಎದ್ದು ಕಾಣುತ್ತದೆ. ‘2017–2023, ಒಂದೇ ಕಾಲೇಜಿನಲ್ಲಿ ಪ್ರತಿ ಶೈಕ್ಷಣಿಕ ವರ್ಷವೂ ಮರುನೇಮಕ’ ಎಂದರೆ ಅದೇ ಸತ್ಯ ಬೇರೆ ಬೆಳಕಿನಲ್ಲಿ ಕಾಣುತ್ತದೆ: ಆರು ಬಾರಿ ಮತ್ತೆ ಕರೆಸಿಕೊಂಡರೆಂಬುದು ಕೆಲಸಕ್ಕೆ ಸಿಕ್ಕ ಸಾಕ್ಷ್ಯ. ಇದರೊಂದಿಗೆ ವಾಣಿಜ್ಯ, ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಬರೆದ ಟಿಪ್ಪಣಿಗಳು, ಸಂಪಾದಿಸಿದ ಕಾಲೇಜು ವಾರ್ಷಿಕ ಸಂಚಿಕೆಗಳು, ಕನ್ನಡ ಬಾರದವರಿಗೆ ನಡೆಸಿದ ತರಗತಿಗಳು ಸೇರಬೇಕು. ಕಲಿಕಾ ಸಾಮಗ್ರಿ ರೂಪಿಸುವ ಸಂಸ್ಥೆಗಳು ಕೇಳುವುದು ಇವನ್ನೇ.

5. ಕ್ರಿಯಾಪದದ ಪ್ರಶ್ನೆ

ಸಂಶೋಧನ ಪ್ರಬಂಧದ ಗದ್ಯ ಕರ್ತೃವನ್ನು ಮರೆಮಾಡುತ್ತದೆ. ‘ಸಂಗ್ರಹಿಸಲಾಗಿದೆ’, ‘ವಿಶ್ಲೇಷಿಸಲಾಗಿದೆ’ ಎಂಬ ಕರ್ಮಣಿ ರೂಪಗಳು ವಸ್ತುನಿಷ್ಠತೆಯ ಗುರುತಾಗಿ ರೂಢಿಗೆ ಬಂದಿವೆ. ಈ ರೂಢಿ ರೆಸ್ಯೂಮೆಗೆ ಸಾಗಿಬಂದಾಗ ಓದುಗನಿಗೆ ಬೇಕಾದ ಏಕೈಕ ಸಂಗತಿಯೇ, ಅಂದರೆ ಯಾರು ಮಾಡಿದರೆಂಬುದೇ, ಇಲ್ಲವಾಗುತ್ತದೆ. ‘ಸಂಗ್ರಹ’, ‘ಸಂಪಾದನೆ’, ‘ಸಂಯೋಜನೆ’ ಎಂಬ ಕೃದಂತನಾಮಗಳ ಪಟ್ಟಿಯೂ ಇದನ್ನೇ ಮಾಡುತ್ತದೆ.

ಕನ್ನಡ ಕ್ರಿಯಾಪದ ಪುರುಷಪ್ರತ್ಯಯವನ್ನು ಹೊತ್ತಿರುವುದರಿಂದ ‘ನಾನು’ ಎಂಬ ಸರ್ವನಾಮವನ್ನು ಪ್ರತಿ ಸಾಲಿನಲ್ಲಿ ಹೇರುವ ಅಗತ್ಯವಿಲ್ಲ. ಇಂಗ್ಲಿಷ್ ರೆಸ್ಯೂಮೆ ಸರ್ವನಾಮವನ್ನು ಬಿಟ್ಟಾಗ ಕ್ರಿಯಾಪದ ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ‘ಸಂಗ್ರಹಿಸಿದ್ದೇನೆ’ ಎಂಬಲ್ಲಿ ಕರ್ತೃ ಒಳಗೇ ಇದ್ದಾನೆ. ಆದರೆ ‘ಸಂಗ್ರಹಿಸಿದೆ’ ಎಂಬ ಹ್ರಸ್ವರೂಪದಲ್ಲಿ ಒಂದು ತೊಡಕಿದೆ. ಅದು ಉತ್ತಮಪುರುಷ ಭೂತಕಾಲವೂ ಆಗಬಹುದು, ‘ಸಂಸ್ಥೆ ಸಂಗ್ರಹಿಸಿದೆ’ ಎಂಬಂತೆ ನಪುಂಸಕಲಿಂಗದ ರೂಪವೂ ಆಗಬಹುದು. ಯೋಜನೆಯ ಹೆಸರು ಅದೇ ಸಾಲಿನಲ್ಲಿದ್ದರೆ ಗೊಂದಲ ಖಚಿತ. ಆದುದರಿಂದ ‘-ಇದ್ದೇನೆ’ ರೂಪವನ್ನು ಬಳಸುವುದು ಲೇಸು.

ಅನೇಕ ಸಂಸ್ಥೆಗಳು ರೆಸ್ಯೂಮೆಯನ್ನು ಇಂಗ್ಲಿಷಿನಲ್ಲಿ ಅಪೇಕ್ಷಿಸುತ್ತವೆ. ಅಂಥ ಕಡೆ ಪಾರಿಭಾಷಿಕ ಪದದ ಅನುವಾದಕ್ಕಿಂತ ಕ್ರಿಯೆಯ ಅನುವಾದ ಮುಖ್ಯ. ಗ್ರಂಥಸಂಪಾದನೆಯನ್ನು ‘ಟೆಕ್ಸ್ಚುಯಲ್ ಕ್ರಿಟಿಸಿಸಂ’ ಎಂದು ಬರೆದರೆ ಅದು ವಿಮರ್ಶೆಯ ಒಂದು ಬಗೆಯೆಂದು ಹೊರಗಿನವರು ಭಾವಿಸಬಹುದು. ‘ನಾಲ್ಕು ಪ್ರತಿಗಳನ್ನು ಹೋಲಿಸಿ ಒಂದು ವಿಶ್ವಾಸಾರ್ಹ ಪಠ್ಯವನ್ನು ಸಿದ್ಧಪಡಿಸುವುದು’ ಎಂಬ ಅರ್ಥವನ್ನು ಸರಳ ಇಂಗ್ಲಿಷಿನಲ್ಲಿ ಬರೆದರೆ ಯಾರಿಗೂ ತೊಡಕಿಲ್ಲ. ಮೊದಲು ಕನ್ನಡದಲ್ಲಿ ಕೆಲಸವನ್ನು ಸ್ಪಷ್ಟವಾಗಿ ಹೇಳಿಕೊಂಡವರಿಗೆ ಇಂಗ್ಲಿಷಿನ ಸಾಲು ಸುಲಭವಾಗುತ್ತದೆ.

6. ಅರ್ಜಿಪತ್ರದ ಒಕ್ಕಣೆ

ಕನ್ನಡದಲ್ಲಿ ಅರ್ಜಿಯ ಒಕ್ಕಣೆ ಶಾಲೆಯ ರಜಾಪತ್ರದಿಂದಲೇ ಮನಸ್ಸಿನಲ್ಲಿ ಅಚ್ಚೊತ್ತಿರುತ್ತದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಆರಂಭ, ‘ದಯಮಾಡಿ ಅವಕಾಶ ಕಲ್ಪಿಸಿಕೊಡಬೇಕಾಗಿ ಪ್ರಾರ್ಥನೆ’ ಎಂಬ ಮುಕ್ತಾಯ ಇವು ಕಚೇರಿ ಕನ್ನಡದ ಸಿದ್ಧರೂಪಗಳು. ಇಲ್ಲಿ ಬರೆಯುವವನು ಬೇಡುವವನು, ಓದುವವನು ಕೊಡುವವನು. ಈ ಒಕ್ಕಣೆಯಲ್ಲಿ ಅಭ್ಯರ್ಥಿಯ ಅಗತ್ಯಕ್ಕೆ ಸ್ಥಳವಿದೆ, ಸಂಸ್ಥೆಯ ಅಗತ್ಯಕ್ಕೆ ಸ್ಥಳವಿಲ್ಲ. ಉದ್ಯೋಗದ ಅರ್ಜಿಪತ್ರದಲ್ಲಿ ಗೌರವ ಉಳಿಯಬೇಕು, ಯಾಚನೆ ಹೋಗಬೇಕು.

ಒಂದು ಪುಟ ಮೀರದ ಪತ್ರಕ್ಕೆ ನಾಲ್ಕು ಸಂಗತಿಗಳು ಸಾಕು: ಯಾವ ಹುದ್ದೆ, ಆ ಹುದ್ದೆಯ ಕೆಲಸಕ್ಕೆ ನೇರವಾಗಿ ಒದಗುವ ಒಂದೆರಡು ಅನುಭವ, ಅಧ್ಯಾಪನವನ್ನು ಬಿಟ್ಟು ಈ ಕೆಲಸಕ್ಕೆ ಬರಲು ಕಾರಣ, ಮುಂದಿನ ಹೆಜ್ಜೆ. ಇವುಗಳಲ್ಲಿ ಮೂರನೆಯದನ್ನು ಸಂಶೋಧಕರು ಬರೆಯುವುದೇ ಇಲ್ಲ. ಪಿಎಚ್.ಡಿ. ಪಡೆದವರು ಸರ್ಕಾರಿ ಹುದ್ದೆಯ ಆದೇಶ ಬಂದ ದಿನವೇ ಹೊರಟುಹೋಗುತ್ತಾರೆಂಬ ಅನುಮಾನ ನೇಮಿಸಿಕೊಳ್ಳುವವರಲ್ಲಿ ಸಹಜ. ಅದಕ್ಕೆ ಉತ್ತರವಿಲ್ಲದ ಪತ್ರ ಆ ಅನುಮಾನವನ್ನು ದೃಢಪಡಿಸುತ್ತದೆ. ಕಲ್ಪಿತ ಮಾದರಿಯೊಂದನ್ನು ನೋಡಬಹುದು:

‘ಮಾನ್ಯರೇ,

ತಮ್ಮ ಪ್ರಕಾಶನದ ಸಂಪಾದಕೀಯ ಸಹಾಯಕ ಹುದ್ದೆಗೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ಕರಡು ತಿದ್ದುವ, ಪದಸೂಚಿ ತಯಾರಿಸುವ ಮತ್ತು ಲೇಖಕರೊಂದಿಗೆ ವ್ಯವಹರಿಸುವ ಕೆಲಸ ಈ ಹುದ್ದೆಯದೆಂದು ಪ್ರಕಟಣೆಯಲ್ಲಿದೆ.

ಮೊದಲ ಎರಡನ್ನು ನಾಲ್ಕು ವರ್ಷಗಳ ಸಂಶೋಧನೆಯಲ್ಲಿ ದಿನವೂ ಮಾಡಿದ್ದೇನೆ: 1,200 ಪದ್ಯಗಳ ಅಪ್ರಕಟಿತ ಕಾವ್ಯವೊಂದನ್ನು ಮುದ್ರಣಕ್ಕೆ ಸಿದ್ಧಪಡಿಸಿದ್ದೇನೆ. ಮೂರನೆಯದರ ಅನುಭವ ಕಡಿಮೆ; ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೂರು ವರ್ಷ ವಿದ್ಯಾರ್ಥಿಗಳಿಂದಲೂ ಅಧ್ಯಾಪಕರಿಂದಲೂ ಬರಹಗಳನ್ನು ಸಕಾಲದಲ್ಲಿ ಪಡೆದು ತಿದ್ದಿಸಿದ್ದೇನೆ.

ಆರು ವರ್ಷ ಪಾಠ ಹೇಳಿದ ಮೇಲೆ, ಪಠ್ಯವನ್ನು ವಿವರಿಸುವುದಕ್ಕಿಂತ ಅದನ್ನು ಓದುಗರ ಕೈಗೆ ತಲುಪುವಂತೆ ಸಿದ್ಧಪಡಿಸುವ ಕೆಲಸದಲ್ಲಿ ಹೆಚ್ಚು ತೃಪ್ತಿಯಿದೆಯೆಂದು ಅರಿತು ಈ ಕ್ಷೇತ್ರವನ್ನು ಆರಿಸಿಕೊಂಡಿದ್ದೇನೆ.

ತಿದ್ದಿದ ಕರಡಿನ ಹತ್ತು ಪುಟಗಳನ್ನು ಲಗತ್ತಿಸಿದ್ದೇನೆ. ತಾವು ಕೊಡುವ ಯಾವುದೇ ಹಸ್ತಪ್ರತಿಯ ಕೆಲವು ಪುಟಗಳನ್ನು ಪರೀಕ್ಷೆಗಾಗಿ ತಿದ್ದಿಕೊಡಲು ಸಿದ್ಧನಿದ್ದೇನೆ.

ವಂದನೆಗಳೊಂದಿಗೆ,’

ಈ ಪತ್ರದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ‘ಅನುಭವ ಕಡಿಮೆ’ ಎಂಬ ಒಪ್ಪಿಗೆ. ಅದು ಸೀಮೆ ಹಾಕುವ ಮಾತು. ಒಂದು ಕಡೆ ಮಿತಿಯನ್ನು ಹೇಳಿದವರ ಉಳಿದ ಮಾತುಗಳಿಗೆ ಬೆಲೆ ಹೆಚ್ಚುತ್ತದೆ. ಪಿಎಚ್.ಡಿ. ಎಂಬ ಪದವೇ ಪತ್ರದಲ್ಲಿ ಬಂದಿಲ್ಲವೆಂಬುದೂ ಗಮನಾರ್ಹ. ಅದು ರೆಸ್ಯೂಮೆಯಲ್ಲಿ ತನ್ನ ಸ್ಥಾನದಲ್ಲಿ ಇರುತ್ತದೆ.

7. ಬಿಡಬೇಕಾದವು, ಉಳಿಸಬೇಕಾದವು

ತಂದೆಯ ಹೆಸರು, ಧರ್ಮ, ಜಾತಿ, ವೈವಾಹಿಕ ಸ್ಥಿತಿ ಮುಂತಾದ ವಿವರಗಳು ಬಯೋಡೇಟಾದ ಕೊನೆಯಲ್ಲಿ ರೂಢಿಯಂತೆ ಬರುತ್ತವೆ. ಮೀಸಲಾತಿ ಅನ್ವಯವಾಗುವ ಸರ್ಕಾರಿ ನೇಮಕಾತಿಯಲ್ಲಿ ಜಾತಿ ಪ್ರಮಾಣಪತ್ರ ಹಕ್ಕಿನ ದಾಖಲೆ. ಅಲ್ಲಿ ಅದು ಇರಲೇಬೇಕು. ಖಾಸಗಿ ಉದ್ಯೋಗದ ರೆಸ್ಯೂಮೆಯಲ್ಲಿ ಈ ವಿವರಗಳಿಂದ ಪ್ರಯೋಜನವಿಲ್ಲ, ಹಾನಿಯ ಸಾಧ್ಯತೆ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಸಂಸ್ಥೆಗಳಿಗೆ ಕಳುಹಿಸಿ ನಡೆಸಿದ, 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಲಿತ ಮತ್ತು ಮುಸ್ಲಿಂ ಹೆಸರುಗಳ ಅರ್ಜಿದಾರರಿಗೆ ಮರುಕರೆ ಬರುವ ಸಾಧ್ಯತೆ ಮೇಲ್ಜಾತಿ ಹಿಂದೂ ಹೆಸರಿನವರಿಗಿಂತ ಕಡಿಮೆಯಿತ್ತು. ಹೆಸರೇ ಇಷ್ಟು ಹೇಳುವಾಗ ಅಭ್ಯರ್ಥಿ ತಾನಾಗಿ ಇನ್ನಷ್ಟು ಒದಗಿಸಬೇಕಿಲ್ಲ. ರೆಸ್ಯೂಮೆಯ ಬರವಣಿಗೆ ಚೆನ್ನಾದ ಮಾತ್ರಕ್ಕೆ ಎಲ್ಲರಿಗೂ ಬಾಗಿಲು ಸಮಾನವಾಗಿ ತೆರೆಯುತ್ತದೆಂಬ ಭ್ರಮೆಯನ್ನೂ ಈ ಅಧ್ಯಯನ ಕಳೆಯುತ್ತದೆ.

‘ಮೇಲಿನ ವಿವರಗಳೆಲ್ಲವೂ ನನಗೆ ತಿಳಿದಮಟ್ಟಿಗೆ ಸತ್ಯ’ ಎಂಬ ಘೋಷಣೆ ಬಯೋಡೇಟಾದ ಶಾಪಾಶಯ. ಕೇಳದಿದ್ದರೆ ಅದನ್ನು ಬಿಡಬಹುದು. ಸತ್ಯವನ್ನು ಘೋಷಣೆ ಕಾಯುವುದಿಲ್ಲ, ಸಾಕ್ಷಿ ಕಾಯುತ್ತದೆ.

ಲೇಖನಗಳ ಪಟ್ಟಿಯನ್ನು ಹುದ್ದೆಗೆ ಸಂಬಂಧಿಸಿದ ಎರಡು ಮೂರಕ್ಕೆ ಇಳಿಸಬೇಕು. ವಿಚಾರಸಂಕಿರಣಗಳ ಪಟ್ಟಿಯನ್ನು ಪೂರ್ತಿ ಬಿಡಬಹುದು. ಸಂಕಿರಣವನ್ನು ಸಂಘಟಿಸಿದ್ದರೆ ಮಾತ್ರ ಅದು ಕೆಲಸವಾಗಿ ಉಳಿಯಬೇಕು.

ತಾಂತ್ರಿಕವಾದ ಒಂದು ಸಂಗತಿ ಕನ್ನಡದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನುಡಿ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ವರ್ಡ್ ಕಡತವನ್ನು ಆ ಅಕ್ಷರಗಳಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳು ಕಾಣುತ್ತವೆ. ಹತ್ತು ವರ್ಷಗಳ ದುಡಿಮೆ ಹೀಗೆ ಓದಲಾಗದ ಗುರುತುಗಳಾಗಿ ತಲುಪುವ ಸಾಧ್ಯತೆ ನಿಜವಾದುದು. ಯೂನಿಕೋಡಿನಲ್ಲಿ ಬರೆದು ಪಿ.ಡಿ.ಎಫ್. ಮಾಡಿ ಕಳುಹಿಸುವುದು ಕ್ಷೇಮ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ತಂತ್ರಾಂಶವೇ ಓದುವುದುಂಟು. ಅಂಥ ಕಡೆ ಚೌಕಟ್ಟು, ಚಿತ್ರಗಳಿಲ್ಲದ ಸರಳ ವಿನ್ಯಾಸವೂ ಪ್ರಕಟಣೆಯಲ್ಲಿ ಬಳಸಿದ ಪದಗಳನ್ನೇ ಬಳಸುವುದೂ ಒಳ್ಳೆಯದು. ನುಡಿ ಮತ್ತು ಯೂನಿಕೋಡ್ ಎರಡರಲ್ಲೂ ಬೆರಳಚ್ಚು ಬಲ್ಲವರು, ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿ ಒತ್ತಕ್ಷರದ ದೋಷಗಳನ್ನು ತಿದ್ದಬಲ್ಲವರು ಅದನ್ನು ಒಂದು ಕೌಶಲವಾಗಿಯೇ ನಮೂದಿಸಬೇಕು. ಮುದ್ರಣ ಕ್ಷೇತ್ರದಲ್ಲಿ ಅದಕ್ಕೆ ಬೆಲೆಯಿದೆ.

8. ಸಮಾರೋಪ

ಈ ಬಗೆಯ ಚರ್ಚೆಗೆ ಒಂದು ಗಂಭೀರ ಆಕ್ಷೇಪವಿದೆ. ಕನ್ನಡ ಅಧ್ಯಯನವೆಂಬುದು ಸಾಹಿತ್ಯ, ಸಮಾಜ, ಸಂಸ್ಕೃತಿಗಳ ವಿಮರ್ಶಾತ್ಮಕ ತಿಳಿವಳಿಕೆ. ಅದನ್ನು ಕೌಶಲಗಳ ಪಟ್ಟಿಗೆ ಇಳಿಸುವುದು ಮಾರುಕಟ್ಟೆಗೆ ಶರಣಾದಂತೆ ಎಂಬುದು ಆ ಆಕ್ಷೇಪ. ಇದರಲ್ಲಿ ತಥ್ಯವಿದೆ. ಎಲ್ಲ ತಿಳಿವನ್ನೂ ಅಳೆಯಲಾಗದು, ಅಳೆಯಲಾಗದ್ದೆಲ್ಲ ನಿರುಪಯುಕ್ತವೂ ಅಲ್ಲ. ಆದರೆ ದತ್ತಿಭಾಗವನ್ನು ಸ್ಪಷ್ಟವಾಗಿ ಬರೆದುದರಿಂದ ಶಾಸನದ ಕಾವ್ಯಗುಣ ಕುಂದಿಲ್ಲ. ಒಂದೇ ಕಲ್ಲಿನಲ್ಲಿ ಎರಡಕ್ಕೂ ಸ್ಥಳವಿತ್ತು.

ವಿಭಾಗಗಳು ಮಾಡಬಹುದಾದ ಕೆಲಸ ಸಣ್ಣದು. ಅನುದಾನ ಆಯೋಗದ 2009ರ ನಿಯಮಾವಳಿಯಿಂದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಪೂರ್ವಭಾವಿ ತರಗತಿಗಳು ಕಡ್ಡಾಯವಾದವು. ಅವುಗಳಲ್ಲಿ ಸಂಶೋಧನ ವಿಧಾನ ಬೋಧಿಸುವಾಗ ಒಂದು ಅಭ್ಯಾಸವನ್ನು ಸೇರಿಸಬಹುದು: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಸಂಶೋಧನೆಯಲ್ಲಿ ಕೈಯಾರೆ ಮಾಡುತ್ತಿರುವ ಕೆಲಸವನ್ನು, ಕನ್ನಡ ಎಂ.ಎ. ಓದದ ಒಬ್ಬರಿಗೆ ಅರ್ಥವಾಗುವಂತೆ, ಕಾಲ, ಅಳತೆ, ಸೀಮೆ, ಸಾಕ್ಷಿಗಳೊಂದಿಗೆ ನೂರು ಪದಗಳಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ ಅದನ್ನು ತಿದ್ದಬೇಕು. ಐದು ವರ್ಷಗಳ ಕೊನೆಯಲ್ಲಿ ಅವನ ಕೈಯಲ್ಲಿ ರೆಸ್ಯೂಮೆ ತಾನಾಗಿ ಸಿದ್ಧವಿರುತ್ತದೆ; ಪ್ರಬಂಧದ ಪ್ರಸ್ತಾವನೆಗೂ ಅದು ಒದಗುತ್ತದೆ. ಮಾರ್ಗದರ್ಶಕರು ಶಿಫಾರಸು ಪತ್ರಗಳನ್ನು ಬರೆಯುವಾಗಲೂ ‘ಉತ್ತಮ ನಡತೆಯ, ಪ್ರತಿಭಾವಂತ ವಿದ್ಯಾರ್ಥಿ’ ಎಂಬ ಬಿರುದುಗಳನ್ನು ಬಿಟ್ಟು ತಾವು ಕಣ್ಣಾರೆ ಕಂಡ ಒಂದು ಕೆಲಸವನ್ನು ಹೇಳಿದರೆ ಅದು ನಿಜವಾದ ಸಾಕ್ಷಿಯಾದೀತು.

ಒಟ್ಟಿನಲ್ಲಿ ಹೇಳುವುದಾದರೆ, ಮೊಬೈಲ್ ತೆರೆಯ ಮೇಲಿನ ಕನ್ನಡ, ಮಕ್ಕಳ ಕಲಿಕಾ ಪುಸ್ತಕದ ಕನ್ನಡ, ಡಬ್ಬಿಂಗ್ ಚಿತ್ರದ ಕನ್ನಡ, ಯಂತ್ರಕ್ಕೆ ಕಲಿಸುವ ಕನ್ನಡ ಇವೆಲ್ಲವನ್ನೂ ಇಂದು ಯಾರೋ ಬರೆಯುತ್ತಿದ್ದಾರೆ. ಸಂಶೋಧಕರು ಅಲ್ಲಿಗೆ ಹೋಗದಿದ್ದರೂ ಆ ಕೆಲಸ ನಿಲ್ಲುವುದಿಲ್ಲ; ಕನ್ನಡದ ಪಾಠಾಂತರ, ಉಪಭಾಷೆ, ಪದಚರಿತ್ರೆಗಳನ್ನು ಬಲ್ಲವರಿಲ್ಲದೆ ನಡೆಯುತ್ತದೆ. ತನ್ನ ಕೆಲಸವನ್ನು ಹೊರಗಿನವರಿಗೆ ಅರ್ಥವಾಗುವಂತೆ ಒಂದು ಪುಟದಲ್ಲಿ ಹೇಳಲಾಗದೆ ಒಬ್ಬ ಸಂಶೋಧಕ ಹಿಂದುಳಿದಾಗ ಆಗುವ ನಷ್ಟ ಅವನೊಬ್ಬನದಲ್ಲ. ಆ ಕನ್ನಡವನ್ನು ಓದುವ, ಕೇಳುವ ಎಲ್ಲರೂ ಅದನ್ನು ಭರಿಸಬೇಕಾಗುತ್ತದೆ.